ಚಂಡೀಗಢಕ್ಕೆ ನಾಲ್ಕು ದಿನ: ಕಟ್ಟಡ, ಶಿಲ್ಪ ಎರಡೂ ನೋಡಬೇಕು, ಹೋಗಿ ಬಂದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ಮಗಳು ಆರ್ಕಿಟೆಕ್ಚರ್ ಎರಡನೇ ವರ್ಷ. ಡಿಸೆಂಬರ್ ರಜೆಗೆ ಎಲ್ಲಾದರೂ ಹೋಗೋಣ ಅಂದರೆ ಬೀಚೂ ಬೇಡ, ಬೆಟ್ಟವೂ ಬೇಡ, ಕಟ್ಟಡ ನೋಡಬೇಕು ಅನ್ನುತ್ತಾಳೆ. ನನಗೆ ಶಿಲ್ಪ ಅಂದರೆ ಪ್ರಾಣ. ಬೇಲೂರು, ಹಳೇಬೀಡು ಎಷ್ಟು ಸಲ ಹೋದರೂ ಸಾಲದು. ಎರಡೂ ಒಂದೇ ಊರಲ್ಲಿ ಸಿಗಲಿ ಅಂತ ಚಂಡೀಗಢ ಅಂದುಕೊಂಡಿದ್ದೇವೆ. ಅತ್ತೆಯವರೂ ಬರುತ್ತಾರೆ, 71 ವರ್ಷ, ಮಂಡಿ ನೋವಿದೆ. ನಾಲ್ಕು ದಿನ ಜಾಸ್ತಿ ಆಯ್ತಾ? ವಿಧಾನಸಭೆ, ಸಚಿವಾಲಯ, ಹೈಕೋರ್ಟ್ ಇರುವ ಕ್ಯಾಪಿಟಲ್ ಕಾಂಪ್ಲೆಕ್ಸ್ ಒಳಗೆ ಬಿಡುತ್ತಾರಾ? ರಾಕ್ ಗಾರ್ಡನ್ ಸುಮ್ನೆ ಮಕ್ಕಳ ಪಾರ್ಕಾ, ನಿಜವಾಗಲೂ ನೋಡುವಂಥದ್ದಾ?

ಬೆಂಗಳೂರಿನಿಂದ

ಮೊದಲ ಮಾತು, ಸೋಮವಾರ ಇಟ್ಟುಕೊಳ್ಳಬೇಡಿ. ನಾವು ಶನಿವಾರ ರಾತ್ರಿ ಇಳಿದು, ಭಾನುವಾರ ಕೆರೆ ಹತ್ತಿರ ಕಾಲ ಕಳೆದು, ಸೋಮವಾರ ಬೆಳಗ್ಗೆ ಸೆಕ್ಟರ್ 10ರ ಮ್ಯೂಸಿಯಂ ಮುಂದೆ ಹೋಗಿ ನಿಂತೆವು. ಬಾಗಿಲು ಹಾಕಿತ್ತು. ಪಕ್ಕದ ಆರ್ಕಿಟೆಕ್ಚರ್ ಮ್ಯೂಸಿಯಂ ಕೂಡ ಹಾಕಿತ್ತು. ತಪ್ಪು ನಮ್ಮದೇ.

ಕ್ಯಾಪಿಟಲ್‌ಗೆ ನಮ್ಮಷ್ಟಕ್ಕೆ ನುಗ್ಗಿ ತಿರುಗಾಡಲು ಆಗಲ್ಲ. ಹೈಕೋರ್ಟ್ ಹತ್ತಿರ ಪ್ರವಾಸೋದ್ಯಮದವರ ಕೌಂಟರ್ ಇದೆ. ಅಲ್ಲಿ ಹೆಸರು ಬರೆಸಿದರೆ ಗೈಡ್ ಕರೆದುಕೊಂಡು ಹೋಗುತ್ತಾರೆ. ನಾವು ಬೆಳಗ್ಗೆ 10ರ ಗುಂಪಿನಲ್ಲಿ ಹೋದೆವು, ದುಡ್ಡು ತೆಗೆದುಕೊಳ್ಳಲಿಲ್ಲ. ಗುರುತಿನ ಚೀಟಿ ಎಲ್ಲರದ್ದೂ ಬೇಕು, ಅಸಲಿಯೇ ಬೇಕು. ನಮ್ಮವರು ಫೋನಿನಲ್ಲಿ ಫೋಟೊ ತೋರಿಸಿ ಅರ್ಧ ಗಂಟೆ ವಾದ ಮಾಡಿದರು. ಕೊನೆಗೆ ಹೋಟೆಲ್‌ಗೆ ಆಟೊದಲ್ಲಿ ಓಡಿದರು.

ಹುಬ್ಬಳ್ಳಿಯಿಂದ

ಅಕ್ಕಾ, ರಾಕ್ ಗಾರ್ಡನ್ ಬಗ್ಗೆ ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಕಡೆ ರಾಕ್ ಗಾರ್ಡನ್ ಅಂದರೆ ಶಿಗ್ಗಾವಿ ಹತ್ತಿರದ ಗೊಟಗೋಡಿ. ಅಲ್ಲಿ ಸಿಮೆಂಟಿನಲ್ಲಿ ಮಾಡಿದ ಎತ್ತು, ಎಮ್ಮೆ, ರೈತರು, ಕುಂಬಾರ, ಎಲ್ಲ ಬಣ್ಣ ಹಚ್ಚಿ ಈಗ ಎದ್ದು ಮಾತಾಡುತ್ತಾರೇನೋ ಅನ್ನುವ ಹಾಗೆ. ಅದೇ ಲೆಕ್ಕದಲ್ಲಿ ಚಂಡೀಗಢಕ್ಕೆ ಹೋದೆ. ಮೊದಲ ಅರ್ಧ ಗಂಟೆ ಬರೀ ನಿರಾಸೆ. ಗೊಂಬೆಗಳಿಗೆ ಸರಿಯಾದ ಮೂಗಿಲ್ಲ, ಬೆರಳಿಲ್ಲ, ಸಣ್ಣ ಮಕ್ಕಳು ಮಣ್ಣಲ್ಲಿ ಮಾಡಿದ ಹಾಗೆ ಕೈಕಾಲು. ಹೊಯ್ಸಳ ಶಿಲ್ಪ ನೋಡಿದ ಕಣ್ಣಿಗೆ ಇದೇನಪ್ಪಾ ಅನ್ನಿಸಿತು. ನಿಮಗೂ ಅನ್ನಿಸುತ್ತದೆ, ಅದಕ್ಕೇ ಮೊದಲೇ ಹೇಳಿದ್ದು.

ಆಮೇಲೆ ಒಂದು ಗೊಂಬೆಯ ಹತ್ತಿರ ಕೂತೆ. ಹೆಂಗಸು. ಅವಳ ಲಂಗ ಪೂರ್ತಿ ಹಸಿರು ಬಳೆ ಚೂರು, ಒಂದರ ಮೇಲೊಂದು ಮೀನಿನ ಹುರುಪೆ ಥರ ಕೂರಿಸಿದ್ದು. ಪಕ್ಕದವನ ಮೈಯೆಲ್ಲ ಒಡೆದ ಟೀ ಕಪ್ಪು, ಬಸಿ. ಒಂದು ಕಪ್ಪಿನ ಹಿಡಿ ಮುರಿಯದೆ ಎದೆಯ ಮೇಲೆ ಹಾಗೇ ಚಾಚಿಕೊಂಡಿತ್ತು. ಹಿಂದಿನ ಗೋಡೆಗೆ ಹಳೇ ಪಿಂಗಾಣಿ ಫ್ಯೂಸುಗಳು, ನಮ್ಮ ಮನೆ ಮೀಟರ್ ಬೋರ್ಡಿನಲ್ಲಿ ಇರುತ್ತಿದ್ದವಲ್ಲ, ಅವೇ, ಸಾಲಾಗಿ ಸಾವಿರಾರು. ಇನ್ನೊಂದು ಕಡೆ ಗೋಡೆಯೇ ಟಾರ್ ಡ್ರಮ್ಮು.

ಇದನ್ನು ಮಾಡಿದ ನೇಕ್ ಚಂದ್ ಶಿಲ್ಪಿಯೇ ಅಲ್ಲ. ಪಿಡಬ್ಲ್ಯುಡಿಯಲ್ಲಿ ರಸ್ತೆ ಇನ್‌ಸ್ಪೆಕ್ಟರ್. 1947ರಲ್ಲಿ ಆ ಕಡೆಯಿಂದ ಊರು ಬಿಟ್ಟು ಬಂದವರು. ಹೊಸ ನಗರ ಕಟ್ಟಲು ಇಲ್ಲಿದ್ದ ಹಳ್ಳಿಗಳನ್ನು ಎಬ್ಬಿಸಿದಾಗ ಬಿದ್ದ ಮನೆಗಳ ಚೂರುಪಾರು ಎಲ್ಲ ಆರಿಸಿದರು. ನದಿಪಾತ್ರದ ಕಲ್ಲುಗಳನ್ನು ಸೈಕಲ್ ಮೇಲೆ ಹೇರಿಕೊಂಡು ಬಂದರು. ಅವನ್ನೆಲ್ಲ ಯಾರೂ ಕಟ್ಟಡ ಕಟ್ಟಬಾರದು ಅಂತ ಬಿಟ್ಟಿದ್ದ ಕಾಡಿನೊಳಗೆ ಕೂಡಿಹಾಕಿ, 1957ರ ಸುಮಾರಿನಿಂದ ರಾತ್ರಿ ಹೊತ್ತು ಕದ್ದುಮುಚ್ಚಿ ಕೆಲಸ ಮಾಡಿದರು. ಹದಿನೆಂಟು ವರ್ಷ ಸರ್ಕಾರಕ್ಕೆ ಗೊತ್ತೇ ಆಗಲಿಲ್ಲ! ಗೊತ್ತಾದ ಮೇಲೆ ಕೆಡವಬೇಕು ಅಂತ ಮಾತು ಬಂತು, ಜನ ಬಿಡಲಿಲ್ಲ. 1976ರಲ್ಲಿ ಸಾರ್ವಜನಿಕರಿಗೆ ತೆರೆದರು, ಅವರಿಗೇ ಸಂಬಳ ಕೊಟ್ಟು, 50 ಆಳು ಕೊಟ್ಟು ಮುಂದುವರಿಸಿ ಅಂದರು. 1984ರಲ್ಲಿ ಪದ್ಮಶ್ರೀ. 2015ರಲ್ಲಿ ತೀರಿಕೊಂಡರು. ಈಗ ಜಾಗ 40 ಎಕರೆಯಷ್ಟಿದೆ.

ಹಾಗಾಗಿ ಬೆಳಗ್ಗೆ ಕ್ಯಾಪಿಟಲ್, ಆಮೇಲೆ ರಾಕ್ ಗಾರ್ಡನ್, ಈ ಕ್ರಮ ಬದಲಿಸಬೇಡಿ. ಎರಡೂ ಸೆಕ್ಟರ್ 1ರಲ್ಲೇ ಇವೆ. ಅಳತೆಪಟ್ಟಿ ಹಿಡಿದು ಕಟ್ಟಿದ ಊರನ್ನು ನೋಡಿ, ಅದೇ ಊರು ಕಟ್ಟುವಾಗ ಬಿದ್ದ ಕಸದಲ್ಲಿ ಒಬ್ಬ ಮನುಷ್ಯ ಅಳತೆಯೇ ಇಲ್ಲದೆ ಕಟ್ಟಿದ್ದನ್ನು ನೋಡಿದರೆ ಆಗ ಮಜಾ. ಉಲ್ಟಾ ಮಾಡಿದರೆ ಇದು ಬರೀ ಗೊಂಬೆ ಪಾರ್ಕು.

ಅತ್ತೆಯವರ ವಿಷಯ: ಬಾಗಿಲುಗಳು ಬಹಳ ತಗ್ಗು, ಬಗ್ಗಿಯೇ ದಾಟಬೇಕು. ನನ್ನ ತಮ್ಮ ಆರಡಿ, ಎರಡು ಸಲ ಹಣೆ ಬಡಿಸಿಕೊಂಡ. ಮೆಟ್ಟಿಲು, ಏರು, ಇಳುಕಲು, ಸಂದಿ ಇದ್ದೇ ಇವೆ. ಒಳಗೆ ಹೋದ ಮೇಲೆ ದಾರಿ ಒಂದೇ, ಅರ್ಧಕ್ಕೆ ಸುಸ್ತಾದರೆ ಬಂದ ದಾರಿಯಲ್ಲಿ ಜನರ ಎದುರು ವಾಪಸ್ ಬರುವುದು ಕಷ್ಟ. ಕೊನೆಯ ಭಾಗದಲ್ಲಿ ದೊಡ್ಡ ದೊಡ್ಡ ಕಮಾನುಗಳಿಗೆ ಉಯ್ಯಾಲೆ ಕಟ್ಟಿದ್ದಾರೆ, ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಮೈಸೂರಿನಿಂದ

ಎಲ್ಲರೂ ಹೊಗಳುತ್ತಾರೆ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಕ್ಯಾಪಿಟಲ್ ನನಗೆ ಹಿಡಿಸಲಿಲ್ಲ. ಕಟ್ಟಡಗಳ ನಡುವೆ ಅಷ್ಟು ದೊಡ್ಡ ಬಯಲು, ಅದರಲ್ಲಿ ಒಂದು ನರಪಿಳ್ಳೆ ಇಲ್ಲ. ಅದು ಜನ ಓಡಾಡಲಿ ಅಂತಲೇ ಬಿಟ್ಟ ಜಾಗವಂತೆ. ಆದರೆ 1995ರಲ್ಲಿ ಅಲ್ಲೇ ಸಚಿವಾಲಯದ ಮುಂದೆ ಪಂಜಾಬ್ ಮುಖ್ಯಮಂತ್ರಿ ಬಾಂಬ್ ಸ್ಫೋಟದಲ್ಲಿ ಸತ್ತರು. ಅಂಥ ಜಾಗದಲ್ಲಿ ತಂತಿಬೇಲಿ, ಬಂದೂಕು ಇರಬಾರದು ಅಂದರೆ ಹೇಗೆ? ಎರಡು ರಾಜ್ಯದ ಸರ್ಕಾರ ಒಂದೇ ಕಡೆ ಕೂತಿದೆ. ಆದರೂ ಮಧ್ಯಾಹ್ನ 12ರ ಬಿಸಿಲಲ್ಲಿ ಆ ಕಾಂಕ್ರೀಟ್ ಮೇಲೆ ಗುಂಪಿನ ಹಿಂದೆ ನಡೆಯುವಾಗ ಲಲಿತಮಹಲ್ ನೆನಪಾಗಿ ಊರಿಗೆ ಹೋಗೋಣ ಅನ್ನಿಸಿತು. ನಾವು ಹೋಗಿದ್ದು ಮೇ ತಿಂಗಳು, ಅದನ್ನೂ ಹೇಳಬೇಕಲ್ವಾ.

ಒಂದು ಮಾತ್ರ ಮರೆಯಲ್ಲ. 26 ಮೀಟರ್ ಎತ್ತರದ ‘ತೆರೆದ ಕೈ’ ಸ್ಮಾರಕ. ಗಾಳಿ ಬೀಸಿದಾಗ ಅಷ್ಟು ದೊಡ್ಡ ಲೋಹದ ಕೈ ಮೆಲ್ಲಗೆ ತಿರುಗಿತು. ನಮ್ಮ ಗುಂಪು ಮಾತು ನಿಲ್ಲಿಸಿತು.

ಮೊಹಾಲಿಯಿಂದ, ಮೂಲ ಊರು ಶಿರಸಿ

ಇಲ್ಲಿಗೆ ಬಂದು ಆರು ವರ್ಷ. ಡಿಸೆಂಬರ್ ಅಂದಿದ್ದೀರಿ, ಆದಷ್ಟು ಮೊದಲ ಎರಡು ವಾರದಲ್ಲಿ ಬನ್ನಿ. ಕೊನೆಯ ವಾರದಿಂದ ಮಂಜು. ವಿಮಾನ ತಡ, ರೈಲು ಇನ್ನೂ ತಡ. ನಮ್ಮ ಅಪ್ಪ ಅಮ್ಮ ದೆಹಲಿಯಿಂದ ಶತಾಬ್ದಿಯಲ್ಲಿ ಬರಬೇಕಿತ್ತು. ಮೂರೂವರೆ ಗಂಟೆ ದಾರಿ, ಅವತ್ತು ಏಳು ಗಂಟೆ ತೆಗೆದುಕೊಂಡಿತು. ಚಳಿ ನಮ್ಮ ಕಡೆಯ ಚಳಿ ಅಲ್ಲ. ಕಾಲುಚೀಲ, ಕಿವಿ ಟೋಪಿ, ಒಳಗೆ ಹಾಕುವ ಉಣ್ಣೆ ಬಟ್ಟೆ, ಎಲ್ಲ ತನ್ನಿ.

ನಕ್ಷೆ ನೋಡಿ ಮೋಸ ಹೋಗಬೇಡಿ. ಪಕ್ಕದ ಸೆಕ್ಟರ್ ತಾನೇ ಅಂತ ನಡೆಯಲು ಹೊರಟರೆ ಒಂದೊಂದು ಸೆಕ್ಟರ್ 800 ಮೀಟರ್ ಅಗಲ, 1200 ಮೀಟರ್ ಉದ್ದ. ಹೋಟೆಲ್ ಸೆಕ್ಟರ್ 22ರಲ್ಲಿ ಹಿಡಿದರೆ 17ರ ಬಸ್ ನಿಲ್ದಾಣ, ಅಂಗಡಿ ಸಾಲು ಎಲ್ಲ ಹತ್ತಿರ. ಅನ್ನ ಸಾರಿಲ್ಲದೆ ಆಗಲ್ಲ ಅನ್ನುವವರು ಅತ್ತೆಯವರಾದರೆ ಮೊಸರಿಗೆ ತೊಂದರೆ ಇಲ್ಲ, ಇಲ್ಲಿ ಮೊಸರಿನ ಊಟವೇ. ಸಂಜೆ ಸುಖನಾ ಕೆರೆ. ಸಮತಟ್ಟು ದಾರಿ, ಬೆಂಚು ಇವೆ, ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 1958ರಲ್ಲಿ ಒಡ್ಡು ಹಾಕಿ ಮಾಡಿದ ಕೆರೆ ಅಂದರೆ ನಂಬಲ್ಲ, ಹಿಂದೆ ಶಿವಾಲಿಕ್ ಬೆಟ್ಟ ಹಾಗೆ ಕಾಣುತ್ತದೆ.

ಬೆಂಗಳೂರಿನಿಂದ, ಆರ್ಕಿಟೆಕ್ಚರ್ ಪಾಠ ಮಾಡುವವನು

ಮೇಡಂ, ಹೊರಡುವ ಮೊದಲು ಮಗಳಿಗೆ ಬೆಂಗಳೂರಿನ ಐಐಎಂ ಒಂದು ಸಲ ತೋರಿಸಿ, ಅನುಮತಿ ಕೇಳಿ ಹೋಗಿ. ಅದನ್ನು ಮಾಡಿದ ಬಿ. ವಿ. ದೋಶಿ ಪ್ಯಾರಿಸ್‌ನಲ್ಲಿ ಚಂಡೀಗಢದ ನಕ್ಷೆ ಮಾಡಿದ ಲೆ ಕಾರ್ಬೂಸಿಯೆ ಕೈಕೆಳಗೆ ಕೆಲಸ ಮಾಡಿದವರು. ಗುರು ಕಾಂಕ್ರೀಟ್ ಹಿಡಿದರು, ಶಿಷ್ಯ ಇಲ್ಲಿ ನಮ್ಮ ಒರಟು ಕಲ್ಲು ಹಿಡಿದರು. ಆ ನೆರಳಿನ ಓಣಿಗಳಲ್ಲಿ ಓಡಾಡಿ ಆಮೇಲೆ ಚಂಡೀಗಢಕ್ಕೆ ಹೋದರೆ ಅವಳಿಗೆ ಕೇಳಲು ಪ್ರಶ್ನೆಗಳಿರುತ್ತವೆ.

ಕ್ಯಾಪಿಟಲ್‌ನಲ್ಲಿ ಎಲ್ಲರೂ ಮೇಲೆ ನೋಡುತ್ತಾರೆ, ಗೋಡೆಯ ಹತ್ತಿರ ಹೋಗಿ. ಹಲಗೆ ಅಚ್ಚಿನ ಗೆರೆ, ಗಂಟು ಸಮೇತ ಕಾಂಕ್ರೀಟ್ ಮೇಲೆ ಉಳಿದಿದೆ. ಅಲ್ಲಲ್ಲಿ ಮೀನು, ಆಮೆ, ಗೂಳಿ, ಕೈ ಎತ್ತಿ ನಿಂತ ಮನುಷ್ಯ, ಇವನ್ನು ಅಚ್ಚೊತ್ತಿದ್ದಾರೆ. ನಿಮಗೆ ಶಿಲ್ಪ ಇಷ್ಟ ಅಂದಿರಲ್ಲ, ಇದೂ ಶಿಲ್ಪವೇ. ವಿಧಾನಸಭೆಯ ಮೇಲೆ ಎದ್ದಿರುವ ಕೊಳವೆ ಗೋಪುರ ಅಹಮದಾಬಾದಿನ ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ ನೋಡಿ ಹೊಳೆದದ್ದು. ಅಧಿವೇಶನ ಇದ್ದರೆ ಒಳಗೆ ಬಿಡಲ್ಲ, ದಿನಾಂಕ ವಿಚಾರಿಸಿಕೊಳ್ಳಿ. ಇನ್ನೊಂದು ವಿಷಯ, ಊರಿನ ಚೌಕಗಳಲ್ಲಿ ನಾಯಕರ ಪ್ರತಿಮೆ ಹುಡುಕಬೇಡಿ. ವ್ಯಕ್ತಿಗಳ ಪ್ರತಿಮೆ ನಿಲ್ಲಿಸಬಾರದು ಅಂತ ಕಾರ್ಬೂಸಿಯೆ ಬರೆದೇ ಇಟ್ಟುಹೋದರು. ನಮ್ಮ ಊರುಗಳಲ್ಲಿ ಹಾಗೆ ಯಾರಾದರೂ ಬರೆದಿದ್ದರೆ ಏನಾಗುತ್ತಿತ್ತು, ನೀವೇ ಊಹಿಸಿ.

ಒಂದು ದಿನ ಪೂರ್ತಿ ಪಿಯರ್ ಜಾನರೆಗೆ ಕೊಡಿ. ಕಾರ್ಬೂಸಿಯೆಯ ದಾಯಾದಿ. ದೊಡ್ಡವರು ಬಂದು ಹೋಗಿ ಮಾಡುತ್ತಿದ್ದರು, ಇವರು 1965ರವರೆಗೆ ಇಲ್ಲೇ ಉಳಿದು ಊರು ಕಟ್ಟಿಸಿದರು. ಸತ್ತ ಮೇಲೆ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಸುಖನಾ ಕೆರೆಯಲ್ಲೇ ಬಿಟ್ಟರು. ಸೆಕ್ಟರ್ 5ರಲ್ಲಿ ಅವರ ಮನೆ ಈಗ ಮ್ಯೂಸಿಯಂ. ಅವರು ರೂಪಿಸಿದ ತೇಗ, ಬೆತ್ತದ ಕುರ್ಚಿಗಳನ್ನು ಅಲ್ಲಿ ನೋಡಿ. ಕಚೇರಿಗಳು ಗುಜರಿಗೆ ಹಾಕಿದ ಅದೇ ಕುರ್ಚಿಗಳು ಹೊರದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗಿವೆ. ಅಲ್ಲಿಂದ ಪಂಜಾಬ್ ವಿಶ್ವವಿದ್ಯಾಲಯದ ಗಾಂಧಿ ಭವನ, ನೀರಿನ ನಡುವೆ ಕೂತ ಹೂವಿನ ಹಾಗೆ. ಸೆಕ್ಟರ್ 10ರ ಮ್ಯೂಸಿಯಂನಲ್ಲಿ ಗಾಂಧಾರ ಶಿಲ್ಪಗಳಿವೆ. ದೇಶ ಭಾಗವಾದಾಗ ಲಾಹೋರ್ ಮ್ಯೂಸಿಯಂನ ಸಂಗ್ರಹವೂ ಭಾಗವಾಗಿ ನೂರಕ್ಕೆ ನಲವತ್ತು ಈ ಕಡೆ ಬಂತು. ಶಿಲ್ಪಕ್ಕಾಗಿ ಹೋಗುವ ನಿಮಗೆ ಇಲ್ಲೇ ಅರ್ಧ ದಿನ ಬೇಕು.

ಹಾಂ, ರಸ್ತೆಯಲ್ಲಿ ನಡೆಯುವಾಗ ಕೆಳಗೂ ನೋಡಿ. ಹಳೆಯ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಊರಿನ ನಕ್ಷೆಯೇ ಎರಕ ಹೊಯ್ದಿದೆ.

ದಾವಣಗೆರೆಯಿಂದ, ಹೋಗಿ ಬಂದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಡಿಸೆಂಬರ್ ಎರಡನೇ ವಾರ ಹೋಗಿದ್ದೆವು, ಮಂಜಿನ ಕಾಟ ಇರಲಿಲ್ಲ. ನಾಲ್ಕು ದಿನ ಜಾಸ್ತಿ ಆಗಲಿಲ್ಲ, ಜಾನರೆ ಮನೆ ಉಳಿದೇ ಹೋಯಿತು. ಹೈಕೋರ್ಟಿನ ಹಸಿರು, ಹಳದಿ, ಕೆಂಪು ಕಂಬಗಳ ಮುಂದೆ ಮಗಳು ಚಿತ್ರ ಬರೆಯುತ್ತಾ ಕೂತು ಗೈಡಿನ ಹತ್ತಿರ ಬೈಸಿಕೊಂಡಳು, ಗುಂಪು ಮುಂದೆ ಹೋಗಿಬಿಟ್ಟಿತ್ತು. ರಾಕ್ ಗಾರ್ಡನ್‌ನಲ್ಲಿ ಹುಬ್ಬಳ್ಳಿಯವರು ಹೇಳಿದ ಹಾಗೇ ಮೊದಲು ಬೇಜಾರು ಆಯಿತು, ನಿಜ. ಆದರೆ ಅತ್ತೆಗೆ ಮೊದಲಿಂದಲೇ ಇಷ್ಟವಾಯಿತು. ಬಗ್ಗಿ ಬಗ್ಗಿ ಬಾಗಿಲು ದಾಟಿ, ಬಳೆ ಗೊಂಬೆಗಳ ಮುಂದೆ ನಿಂತು, ಇದು ಹಬ್ಬಕ್ಕೆ ಇಟ್ಟುಕೊಳ್ಳುವ ಬಳೆ, ಇದು ಸೀಮಂತದ್ದು ಅಂತ ಬಣ್ಣ ನೋಡಿ ನೋಡಿ ಹೇಳುತ್ತಿದ್ದರು. ಉಯ್ಯಾಲೆ ಹತ್ತಿರ ಬಂದಾಗ ಗಾರ್ಡು ಸೀಟಿ ಊದುವವರೆಗೂ ಏಳಲಿಲ್ಲ.

ಮ್ಯಾನ್‌ಹೋಲ್ ಮುಚ್ಚಳ ಮೂರನೇ ದಿನ ಸಿಕ್ಕಿತು. ಮಗಳು ಅದರ ಮೇಲೆ ಹಾಳೆ ಹಾಕಿ ಪೆನ್ಸಿಲ್ ತಿಕ್ಕಲು ಶುರು ಮಾಡಿದಳು, ನಾನೂ ಅತ್ತೆಯೂ ಎರಡು ಕಡೆ ನಿಂತು ಸ್ಕೂಟರ್‌ಗಳಿಗೆ ಕೈ ಅಡ್ಡ ಹಿಡಿದೆವು. ಕೆರೆ ಇರುವ ಮೂಲೆ ಸರಿಯಾಗಿ ಮೂಡಲಿಲ್ಲ.