ಡಬ್ಲ್ಯೂಎ ಕೇರ್ಸ್ ಅಂತ ಸಂಬಳದಲ್ಲಿ ಹಿಡಿಯುವ ದುಡ್ಡು ಯಾರಿಗೆ?

ಮಲೆನಾಡಿಗ:
ನಾವಿರುವುದು ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರ. 2023ರ ಜುಲೈಯಿಂದ ಸಂಬಳದಲ್ಲಿ 0.58 ಪರ್ಸೆಂಟ್ ಡಬ್ಲ್ಯೂಎ ಕೇರ್ಸ್‌ಗೆ ಹೋಗುತ್ತಿದೆ. ಮುಂದೆ ದಿನನಿತ್ಯದ ಆರೈಕೆ ಬೇಕಾದರೆ ಅಂತ ರಾಜ್ಯವೇ ನಡೆಸುವ ವಿಮೆ ಅದು. ಅಪ್ಪ ಗ್ರೀನ್ ಕಾರ್ಡ್ ಮೇಲೆ ಬಂದು ನಮ್ಮ ಜೊತೆಗೇ ಇದ್ದಾರೆ. ಪಾರ್ಕಿನ್ಸನ್ ಕಾಯಿಲೆ. ಅಂಗಿ ಗುಂಡಿ ಹಾಕಲೂ ಒಬ್ಬರು ಬೇಕು. ಈ ದುಡ್ಡಿನಲ್ಲಿ ಅವರಿಗೆ ಏನಾದರೂ ಸಿಗುತ್ತಾ?

ಬೆಲ್‌ವ್ಯೂ ಕನ್ನಡಿಗ:
ಇಲ್ಲ. ಕಟ್ಟಿದವರಿಗೆ ಮಾತ್ರ. ಹೆಂಡತಿಗೂ ಬಿಟ್ಟುಕೊಡಲು ಬರಲ್ಲ. ಇಷ್ಟು ಸಂಬಳದವರೆಗೆ ಮಾತ್ರ ಹಿಡಿಯುವುದು ಅನ್ನುವ ಮಿತಿಯೂ ಇಲ್ಲ. 2 ಲಕ್ಷ ಡಾಲರ್ ದುಡಿಯುವವರು ವರ್ಷಕ್ಕೆ 1,160 ಕಟ್ಟುತ್ತಾರೆ, 50 ಸಾವಿರದವರು 290. ಸಿಗುವುದು ಇಬ್ಬರಿಗೂ ಒಂದೇ, ಜೀವನಕ್ಕೆಲ್ಲ ಸೇರಿ 36,500. ನರ್ಸಿಂಗ್ ಹೋಮ್‌ನಲ್ಲಿ ನಾಲ್ಕು ತಿಂಗಳಿಗೂ ಸಾಲದು.

ಸಂಪಿಗೆ:
ನಾನು ಇಲ್ಲಿ ವಯಸ್ಸಾದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಲೆಕ್ಕ ಸರಿಯಾಗೇ ಇದೆ. ಆದರೆ ಈ ದುಡ್ಡನ್ನು ನರ್ಸಿಂಗ್ ಹೋಮ್ ಬಿಲ್ ಪಕ್ಕ ಇಟ್ಟು ನೋಡಬೇಡಿ. ದಿನಕ್ಕೆ 100 ಡಾಲರ್, ಒಂದು ವರ್ಷ ಅಂತ ಮೊದಲು ಹಿಡಿದ ಮೊತ್ತ ಅದು. ಮನೆಯಲ್ಲಿ ಇರುವವರು ಮನೆಯಲ್ಲೇ ಇರಲಿ ಅಂತ.

ನಾನು ಹೋಗುವ ಮನೆಯೊಂದರಲ್ಲಿ ಅಜ್ಜಿಗೆ ಟಬ್ಬಿನ ಅಂಚು ದಾಟಲು ಕಾಲು ಏಳಲ್ಲ. ಸೊಂಟಕ್ಕೆ ಬೆಲ್ಟ್ ಕಟ್ಟಿ, ಮೊದಲು ಸ್ನಾನದ ಬೆಂಚಿನ ಮೇಲೆ ಕೂರಿಸುತ್ತೇನೆ. ಆಮೇಲೆ ಒಂದೊಂದೇ ಕಾಲು ಒಳಗೆ. ಮುಂಚೆ ಅವರ ಗಂಡ ಒಬ್ಬರೇ ಎತ್ತುತ್ತಿದ್ದರು, ಅವರ ಬೆನ್ನೂ ಹೋಯಿತು. ವಾರಕ್ಕೆ ಕೆಲವು ಗಂಟೆ ಸಹಾಯ, ಗೋಡೆಗೆ ಒಂದು ಹಿಡಿಕೆ, ಬಾಗಿಲಿಗೆ ಒಂದು ರ‍್ಯಾಂಪ್. ಇಷ್ಟಕ್ಕೇ ಎಷ್ಟೋ ಮನೆ ಉಸಿರಾಡುತ್ತೆ. ಇದಕ್ಕೆ ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಕೊಡಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನರ್ಸಿಂಗ್ ಆರೈಕೆಗೆ ಹೆಚ್ಚೆಂದರೆ 100 ದಿನ, ಅದರಲ್ಲಿ ಪೂರ್ತಿ ಕೊಡುವುದು ಮೊದಲ 20 ದಿನಕ್ಕೆ. ಕಡಿಮೆ ಆದಾಯದವರ ಸರ್ಕಾರಿ ವಿಮೆ ಮೆಡಿಕೇಡ್ ಕೊಡುತ್ತೆ, ಆದರೆ ಒಂಟಿಯಾಗಿರುವವರ ಉಳಿತಾಯ 2,000 ಡಾಲರ್‌ಗೆ ಕರಗಿರಬೇಕು. ನಡುವೆ ಸಿಕ್ಕಿಕೊಳ್ಳುವವರು ತಮ್ಮ ಪಾಡಿಗೆ ದುಡಿದು, ಸಾಲ ತೀರಿಸಿ, ಒಂದಿಷ್ಟು ಉಳಿಸಿದವರು.

ನನಗೆ ಸಿಟ್ಟು ಬರುವುದು ಬೇರೆ ಕಡೆ. 2021ರ ನವೆಂಬರ್ 1ಕ್ಕೆ ಮುಂಚೆ ಇಂಥ ಆರೈಕೆಗೇ ಖಾಸಗಿ ವಿಮೆ ಪಾಲಿಸಿ ಮಾಡಿಸಿದ್ದವರಿಗೆ ಶಾಶ್ವತ ವಿನಾಯಿತಿ ಕೊಟ್ಟರು. ಸುಮಾರು 5 ಲಕ್ಷ ಜನ ಹೊರಗೆ ಹೋದರು. ಪಾಲಿಸಿಗೆ ಕೈಯಲ್ಲಿ ದುಡ್ಡು ಬೇಕಲ್ವಾ, ಹಾಗಾಗಿ ಹೋದವರಲ್ಲಿ ಜಾಸ್ತಿ ಸಂಬಳದವರೇ ಇರುತ್ತಾರೆ. ಬೇಕಾದವರು ಮಾತ್ರ ಕಟ್ಟಲಿ ಅನ್ನುವ ಪ್ರಸ್ತಾಪ 2024ರ ನವೆಂಬರ್‌ನಲ್ಲಿ ಮತಕ್ಕೆ ಬಂತು, ಜನ ಬೇಡ ಅಂದರು. ನನಗೆ ನಿಜಕ್ಕೂ ಸಮಾಧಾನ ಆಯಿತು. ಆರೋಗ್ಯವಾಗಿರುವವರೆಲ್ಲ ಬಿಟ್ಟುಹೋದರೆ ನಿಧಿ ಎಲ್ಲಿಂದ ತುಂಬಬೇಕು?

ಇನ್ನೊಂದು, ನಿಧಿ ಇದ್ದರೆ ಸಾಲದು, ಕೆಲಸಕ್ಕೆ ಜನ ನಿಲ್ಲಬೇಕು. 75 ಗಂಟೆ ತರಬೇತಿ ಮುಗಿಸಿ ಬಂದ ಹುಡುಗಿಯರು ಸಂಬಳ ಸಾಲದೆ ಗೋದಾಮಿನ ಕೆಲಸಕ್ಕೆ ಹೋಗುವುದನ್ನು ನೋಡಿದ್ದೇನೆ. ಒಬ್ಬರು ಬಿಟ್ಟುಹೋದಾಗಲೆಲ್ಲ ಆ ಅಜ್ಜಿ ಮತ್ತೊಬ್ಬ ಅಪರಿಚಿತರ ಮುಂದೆ ಬಟ್ಟೆ ಬಿಚ್ಚಬೇಕು. ಸಂಬಳ ಏರಿಸದೆ ವ್ಯವಸ್ಥೆ ಸುಧಾರಿಸುತ್ತೇವೆ ಅನ್ನುವ ಮಾತನ್ನು ನಾನು ನಂಬಲ್ಲ.

ಮಲೆನಾಡಿಗ:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಈಗ ಅಪ್ಪನಿಗೆ ದಾರಿ ಏನು? ನಾನೇ ಕೆಲಸ ಬಿಡಬೇಕಾ?

ಸಂಪಿಗೆ:
ಈಗಲೇ ಬಿಡಬೇಡಿ. ರಾಜ್ಯದ ಪೇಯ್ಡ್ ಫ್ಯಾಮಿಲಿ ಲೀವ್‌ನಲ್ಲಿ ಹೆತ್ತವರನ್ನು ನೋಡಿಕೊಳ್ಳಲು ವರ್ಷಕ್ಕೆ 12 ವಾರದವರೆಗೆ ರಜೆ ಸಿಗುತ್ತೆ, ಸಂಬಳದ ಒಂದು ಭಾಗವೂ ಬರುತ್ತೆ. ಅದನ್ನು ಮೊದಲು ಕೇಳಿ. ಅವರಿಗೆ ಗ್ರೀನ್ ಕಾರ್ಡ್ ಸಿಕ್ಕಿ 5 ವರ್ಷ ಆಗಿದ್ದರೆ ಮೆಡಿಕೇಡ್‌ಗೂ ಅರ್ಜಿ ಹಾಕಿ. ಮಂಜೂರಾದರೆ ಮಗನೇ ಸಂಬಳ ಪಡೆದು ನೋಡಿಕೊಳ್ಳಬಹುದು, ಮಕ್ಕಳಿಗೆ ತರಬೇತಿಯೂ ಕಡಿಮೆ, 35 ಗಂಟೆ. ಅರ್ಜಿ ಹಾಕಿದ ಮೇಲೆ ಮನೆಗೆ ಒಬ್ಬರು ವಿಚಾರಿಸಲು ಬರುತ್ತಾರೆ. ಅವರ ಮುಂದೆ ಹಿರಿಯರು "ಎಲ್ಲಾ ನಾನೇ ಮಾಡ್ಕೋತೀನಿ" ಅಂದುಬಿಡುತ್ತಾರೆ. ಹಾಗಾಗಿ ಸ್ನಾನ, ಮಾತ್ರೆ, ರಾತ್ರಿ ಏಳುವುದು, ಯಾವುದಕ್ಕೆ ಯಾರ ಕೈ ಬೇಕು ಅಂತ ನೀವೇ ಒಂದು ವಾರ ಬರೆದಿಟ್ಟು ಕೊಡಿ.