ಊರು ಬಿಡಿಸಿದ್ದು ಮಾನವೀಯತೆಯ ವಿರುದ್ಧದ ಅಪರಾಧ ಆಗುತ್ತದೆಯೇ?

ಅಂಕೋಲಾದವ:
ನಮ್ಮ ಅಜ್ಜನ ಮನೆ, ಗದ್ದೆ ಎಲ್ಲ ಒಂದು ಯೋಜನೆಗೆ ಹೋಯಿತು. 1990ರ ಸುಮಾರಿಗೆ. ಪರಿಹಾರದ ಗೋಳು ಇನ್ನೂ ಮುಗಿದಿಲ್ಲ. ಮೊನ್ನೆ ಕಾರವಾರದ ಸಭೆಯಲ್ಲಿ ಒಬ್ಬರು, ‘ಇದು ಮಾನವೀಯತೆಯ ವಿರುದ್ಧದ ಅಪರಾಧ, ಹೇಗ್ ಕೋರ್ಟಿಗೆ ಹೋಗೋಣ’ ಅಂದರು. ಜೋರು ಚಪ್ಪಾಳೆ ಬಿತ್ತು. ಕಾನೂನಿನಲ್ಲಿ ನಿಜಕ್ಕೂ ಹಾಗಿದೆಯಾ?

ಶಿರಸಿ ವಕೀಲೆ:
ನಿಮ್ಮ ಅಜ್ಜನಿಗೆ ಆದದ್ದು ಸಣ್ಣ ನೋವಲ್ಲ. ಆದರೆ ಇದು ಆ ಅಪರಾಧ ಅಲ್ಲ.

ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹುಟ್ಟಿದ್ದು 1998ರ ರೋಮ್ ಶಾಸನ ಎಂಬ ಒಪ್ಪಂದದಿಂದ. ಅದರ 7ನೇ ಕಲಮಿನಲ್ಲಿ ಈ ಅಪರಾಧದ ವ್ಯಾಖ್ಯೆ ಇದೆ. ಕೊಲೆ, ಗುಲಾಮಗಿರಿ, ಚಿತ್ರಹಿಂಸೆ, ಅತ್ಯಾಚಾರ, ಜನರನ್ನು ನಾಪತ್ತೆ ಮಾಡುವುದು ಹೀಗೆ 11 ಬಗೆಯ ಕೃತ್ಯಗಳು. ಬಲವಂತವಾಗಿ ಒಕ್ಕಲೆಬ್ಬಿಸುವುದೂ ಅದರಲ್ಲಿದೆ. ಭಾಷಣ ಮಾಡಿದವರು ಅದನ್ನೇ ಹಿಡಿದುಕೊಂಡಿರಬೇಕು. ಆದರೆ ಪಟ್ಟಿಗಿಂತ ಮೇಲಿನ ಸಾಲು ಮುಖ್ಯ. ನಾಗರಿಕರ ಮೇಲೆ ವ್ಯಾಪಕವಾದ ಇಲ್ಲವೇ ವ್ಯವಸ್ಥಿತವಾದ ದಾಳಿ ನಡೆದಿರಬೇಕು. ಅದರ ಹಿಂದೆ ಸರ್ಕಾರದ್ದೋ ಸಂಘಟನೆಯದ್ದೋ ನೀತಿ ಇರಬೇಕು. ತನ್ನ ಕೆಲಸ ಆ ದಾಳಿಯ ಭಾಗ ಅಂತ ಮಾಡಿದವನಿಗೆ ಗೊತ್ತಿರಬೇಕು.

2017ರಲ್ಲಿ ಮ್ಯಾನ್ಮಾರ್‌ನ ರೋಹಿಂಗ್ಯಾ ಹಳ್ಳಿಗಳು ಸುಟ್ಟವು. 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಹೇಗ್‌ನಲ್ಲಿ ತನಿಖೆ ಆಗುತ್ತಿರುವುದು ಅಂಥದ್ದು. ನೋಟಿಸು ಕೊಟ್ಟು, ಅವಾರ್ಡು (ಪರಿಹಾರದ ಆದೇಶ) ಮಾಡಿ, ಕಡಿಮೆ ದುಡ್ಡು ಕೊಟ್ಟಿದ್ದು ಅನ್ಯಾಯವೇ. ಆದರೆ ಅದಕ್ಕೂ ಇದೇ ಹೆಸರು ಇಟ್ಟರೆ, ಸುಟ್ಟ ಊರಿನಿಂದ ಓಡಿದವರ ಮಾತು ಯಾರಿಗೂ ಕೇಳದಂತಾಗುತ್ತದೆ.

ಕುಮಟಾ ಕಾಲೇಜು:
ಯುದ್ಧ ಇದ್ದರೆ ಮಾತ್ರ ಈ ಕಲಮು ಅಲ್ವಾ ಮೇಡಂ?

ಶಿರಸಿ ವಕೀಲೆ:
ಈಗ ಹಾಗಿಲ್ಲ. 1945ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ಶುರುವಾದಾಗ ಯುದ್ಧದ ನಂಟು ಬೇಕಿತ್ತು. ಹಾಗಾಗಿ 1939ಕ್ಕಿಂತ ಮೊದಲು ಜರ್ಮನಿ ತನ್ನದೇ ಯಹೂದಿ ಪ್ರಜೆಗಳಿಗೆ ಕೊಟ್ಟ ಕಾಟ ಬಹುಮಟ್ಟಿಗೆ ತೀರ್ಪಿನ ಹೊರಗೇ ಉಳಿಯಿತು. ರೋಮ್ ಶಾಸನ ಆ ಷರತ್ತು ಕೈಬಿಟ್ಟಿತು. ನನ್ನ ಮಟ್ಟಿಗೆ ಇಡೀ ಕಲಮಿನ ಜೀವ ಇರುವುದೇ ಇಲ್ಲಿ. ನರಮೇಧಕ್ಕೆ ಬೇಕಾದ ಹಾಗೆ ಒಂದು ಜನಾಂಗವನ್ನೇ ಅಳಿಸುವ ಉದ್ದೇಶವನ್ನೂ ಇಲ್ಲಿ ತೋರಿಸಬೇಕಾಗಿಲ್ಲ.

ಅಂಕೋಲಾದವ:
ಹಾಗಾದರೆ ಹೇಗ್ ಬಾಗಿಲು ನಮಗೆ ಮುಚ್ಚಿದೆ?

ಶಿರಸಿ ವಕೀಲೆ:
ಹೌದು. ಭಾರತ ಆ ಶಾಸನಕ್ಕೆ ಸಹಿ ಹಾಕಿಲ್ಲ. 2002ರ ಜುಲೈ 1ಕ್ಕಿಂತ ಹಿಂದಿನದ್ದನ್ನು ಆ ಕೋರ್ಟು ನೋಡುವುದೂ ಇಲ್ಲ. ಸುಮ್ನೆ ಅದರ ಹಿಂದೆ ಹೋಗಬೇಡಿ. 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಲ್ಲಿ, ಪರಿಹಾರ ಸಾಲದು, ವಿಷಯ ಕೋರ್ಟಿಗೆ ಕಳಿಸಿ ಅಂತ ಅಜ್ಜ ಅರ್ಜಿ ಹಾಕಿದ್ದರಾ? ಮೊದಲು ಅದನ್ನು ನೋಡಿ. ಹಾಕಿರದಿದ್ದರೆ, ಅದೇ ಅಧಿಸೂಚನೆಯಲ್ಲಿ ಜಮೀನು ಹೋದ ಬೇರೆಯವರಿಗೆ ಕೋರ್ಟು ಜಾಸ್ತಿ ದರ ಕೊಟ್ಟಾಗ 28ಎ ಕಲಮಿನಲ್ಲಿ ಕೇಳಬಹುದಿತ್ತು. ಅದಕ್ಕೆ 3 ತಿಂಗಳ ಗಡುವು ಇತ್ತು. ಅವಾರ್ಡಿನ ನಕಲು ತಂದು ತೋರಿಸಿ, ತಾರೀಕು ನೋಡಿ ಹೇಳುತ್ತೇನೆ.