ಬೀಜದಲ್ಲಿ (ವೃಷಣದಲ್ಲಿ) ಗಂಟು: ನೋವಿಲ್ಲದಿದ್ದರೆ ಕಾಯಬಹುದಾ?

ಪ್ರಶ್ನೆ (ಸುರತ್ಕಲ್, 24 ವರ್ಷ, ಹೆಸರು ಬೇಡ)
ಡಾಕ್ಟ್ರೇ, ಬಲಬದಿಯ ಬೀಜದಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು ಕೈಗೆ ಸಿಗ್ತದೆ. ನೋವು ಒಂಚೂರೂ ಇಲ್ಲ. ತಿಂಗಳ ಹಿಂದೆ ಕಬಡ್ಡಿ ಆಡುವಾಗ ಅಲ್ಲಿಗೆ ಪೆಟ್ಟು ಬಿದ್ದಿತ್ತು, ಅದರದ್ದೇ ಇರಬೇಕು ಅಂತ ಬಿಟ್ಟೆ. ಮೆಡಿಕಲ್‌ನಲ್ಲಿ 5 ದಿನದ ಮಾತ್ರೆ ಕೊಟ್ರು, ಏನೂ ಕಡಿಮೆ ಆಗ್ಲಿಲ್ಲ. ಮನೆಯಲ್ಲಿ ಹೇಳ್ಲಿಕ್ಕೆ ನಾಚಿಕೆ. ಇನ್ನು ಸ್ವಲ್ಪ ದಿನ ನೋಡಬಹುದಾ?

ಉತ್ತರ (ಯುರಾಲಜಿಸ್ಟ್, ಅಂದರೆ ಮೂತ್ರಾಂಗ ಮತ್ತು ಗಂಡಸರ ಜನನಾಂಗದ ತಜ್ಞ, ಮಂಗಳೂರು)
ಬೇಡ. ಈ ವಾರದಲ್ಲೇ ತೋರಿಸಿ. ನೋವಿಲ್ಲ ಅಂತ ಸಮಾಧಾನ ಪಡುವ ಜಾಗ ಇದಲ್ಲ. ಬೀಜದ ಕ್ಯಾನ್ಸರ್ ಹೆಚ್ಚಾಗಿ 15ರಿಂದ 40ರ ವಯಸ್ಸಿನಲ್ಲಿ, ನೋವೇ ಇಲ್ಲದ ಗಟ್ಟಿ ಗಂಟಾಗಿ ಬರುವಂಥದ್ದು. ಪೆಟ್ಟಿನಿಂದ ಅದು ಹುಟ್ಟುವುದಿಲ್ಲ. ಪೆಟ್ಟು ಬಿದ್ದಲ್ಲಿಗೆ ಕೈ ಹೋಗುತ್ತದೆ, ಮೊದಲೇ ಇದ್ದ ಗಂಟು ಆಗ ಸಿಗುತ್ತದೆ, ಅಷ್ಟೆ.

ಮುಖ್ಯ ಪ್ರಶ್ನೆ ಒಂದೇ: ಗಂಟು ಬೀಜದ ಒಳಗುಂಟಾ, ಹೊರಗುಂಟಾ? ಬಿಸಿನೀರಿನಲ್ಲಿ ಮಿಂದ ಮೇಲೆ ಚರ್ಮ ಸಡಿಲವಾಗಿರುತ್ತದೆ. ಆಗ ನಿಂತುಕೊಂಡು, ಒಂದೊಂದೇ ಬೀಜವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ ನೋಡಿ. ಹಿಂಬದಿಯಲ್ಲಿ ಮೆತ್ತಗಿನ ಹಗ್ಗದಂಥದ್ದು ಸಿಗುತ್ತದೆ. ಅದು ವೀರ್ಯ ಸಾಗುವ ನಾಳ, ಎಲ್ಲರಿಗೂ ಇರುವುದೇ. ಅದನ್ನೇ ಗಡ್ಡೆ ಅಂದುಕೊಂಡು ಓಡಿ ಬರುವವರೂ ಇದ್ದಾರೆ. ಒಂದು ಬೀಜ ತುಸು ಕೆಳಗೆ ಜೋತಿರುವುದು, ತುಸು ದೊಡ್ಡದಿರುವುದು ಸಹಜ. ಬೀಜದಿಂದ ಬೇರೆಯಾಗಿ, ಮೇಲೆ ಅಥವಾ ಹಿಂದೆ ಜಾರುವ ಮೆತ್ತಗಿನ ಗುಳ್ಳೆ ಸಾಮಾನ್ಯವಾಗಿ ನೀರುಗುಳ್ಳೆ. ಎಡಬದಿಯಲ್ಲಿ ಎರೆಹುಳಗಳ ಗೊಂಚಲಿನ ಹಾಗೆ ಸಿಕ್ಕಿ, ಮಲಗಿದಾಗ ಇಳಿದುಹೋದರೆ ವೆರಿಕೋಸೀಲ್, ಅಂದರೆ ಉಬ್ಬಿದ ರಕ್ತನಾಳ. ಮಲಗಿದರೂ ಇಳಿಯದಿದ್ದರೆ ಅಥವಾ ಬಲಬದಿಯಲ್ಲಿ ಮಾತ್ರ ಬಂದರೆ ಕಿಡ್ನಿಯ ಸ್ಕ್ಯಾನೂ ಬೇಕು. ಬೀಜದ ಮೈಗೇ ಅಂಟಿಕೊಂಡ, ಕಲ್ಲಿನಂತೆ ಗಟ್ಟಿಯಾದದ್ದು ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾಗುವವರೆಗೆ ಅದೇ ಎಂದು ತಿಳಿದು ಪರೀಕ್ಷೆ ಮಾಡಿಸಬೇಕು. ಕೈಯಲ್ಲಿ ಮುಟ್ಟಿ ನಿಮ್ಮಷ್ಟಕ್ಕೇ ತೀರ್ಮಾನ ಮಾಡಬೇಡಿ.

ಮೊದಲ ಪರೀಕ್ಷೆ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಸಹಿತ ಅಲ್ಟ್ರಾಸೌಂಡ್. ಹೊಟ್ಟೆ ಖಾಲಿ ಇಡಬೇಕಾಗಿಲ್ಲ, ಸುಮಾರು ಕಾಲು ಗಂಟೆಯ ಕೆಲಸ. ಗಡ್ಡೆ ಒಳಗಿದೆ ಎಂದಾದರೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ಮೂರು ರಕ್ತಪರೀಕ್ಷೆ. ರಕ್ತವನ್ನು ಆಪರೇಷನ್‌ಗೆ ಮೊದಲೇ ಕೊಡಬೇಕು; ಆಪರೇಷನ್ ಆದ ಮೇಲೆ ಆ ಅಂಕಿ ಎಷ್ಟು ಇಳಿಯಿತು ಎಂಬುದರ ಮೇಲೂ ಮುಂದಿನ ಚಿಕಿತ್ಸೆ ನಿಲ್ಲುತ್ತದೆ. ಮೂರೂ ನಾರ್ಮಲ್ ಬಂದರೂ ಕ್ಯಾನ್ಸರ್ ಇಲ್ಲ ಅಂತ ಅರ್ಥ ಅಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಯಾರಾದರೂ "ಸೂಜಿ ಹಾಕಿ ಸ್ವಲ್ಪ ತೆಗೆದು ನೋಡುವ" ಅಂದರೆ ಒಪ್ಪಬೇಡಿ. ಚೀಲದ ಚರ್ಮದ ಮೂಲಕ ಚುಚ್ಚಿದರೆ ಗಡ್ಡೆಯ ಕಣಗಳು ಬೇರೆ ದಾರಿ ಹಿಡಿಯುವ ಅಪಾಯ ಉಂಟು. ಇಡೀ ಬೀಜವನ್ನು ತೊಡೆಸಂದಿಯ ಕಡೆಯಿಂದ ಕೊಯ್ದು ತೆಗೆದು, ಆಮೇಲೆ ಲ್ಯಾಬಿಗೆ ಕಳಿಸುವುದು ಕ್ರಮ. ಬೇಗ ಹಿಡಿದರೆ 100ರಲ್ಲಿ 95ಕ್ಕಿಂತ ಹೆಚ್ಚು ಮಂದಿ ಪೂರ್ತಿ ಗುಣವಾಗುವ ಕ್ಯಾನ್ಸರ್ ಇದು.

ಸೇರ್ಪಡೆ (ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ತಜ್ಞ, ಮಣಿಪಾಲ)
ರಿಪೋರ್ಟ್ ಕೈಗೆ ಬಂದಾಗ "ಇಂಟ್ರಾಟೆಸ್ಟಿಕ್ಯುಲರ್" (ಬೀಜದ ಒಳಗಿನ) ಎಂಬ ಶಬ್ದ ಉಂಟಾ ನೋಡಿ. ಅದರ ಜೊತೆ "ಹೈಪೋಎಕೋಯಿಕ್" (ಸ್ಕ್ಯಾನ್‌ನಲ್ಲಿ ಸುತ್ತಲಿಗಿಂತ ಕಪ್ಪಗೆ ಕಾಣುವುದು), "ವ್ಯಾಸ್ಕುಲರಿಟಿ" (ಅದರೊಳಗೆ ರಕ್ತ ಹರಿಯುವುದು) ಅಂತ ಇದ್ದರೆ ಅದೇ ದಿನ ಯುರಾಲಜಿಸ್ಟ್‌ಗೆ ತೋರಿಸಿ. "ಎಪಿಡಿಡೈಮಲ್ ಸಿಸ್ಟ್" (ಬೀಜದ ಹಿಂಬದಿಯ ನಾಳದ ನೀರುಗುಳ್ಳೆ) ಅಂತ ಮಾತ್ರ ಇದ್ದರೆ ಅವಸರ ಇಲ್ಲ.

ಪ್ರಶ್ನೆ (ಕುಂದಾಪುರ)
ತಂದೆಗೆ 63. ಒಂದು ಬದಿ ತೆಂಗಿನಕಾಯಿಯಷ್ಟು ದಪ್ಪ ಆಗಿದೆ. ಎರಡು ಸಲ ನೀರು ತೆಗೆಸಿದ್ದೇವೆ, ಪುನಃ ತುಂಬ್ತದೆ.

ಉತ್ತರ (ಯುರಾಲಜಿಸ್ಟ್)
ಹೈಡ್ರೋಸಿಲ್, ಅಂದರೆ ಬೀಜದ ಸುತ್ತ ನೀರು ತುಂಬಿದ್ದು, ಇರಬಹುದು. ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದರೆ ಕೆಂಪಗೆ ಬೆಳಗುತ್ತದೆ. ಆದರೆ ಚೀಲದ ಪದರ ಹಳೆಯದಾಗಿ ದಪ್ಪಗಾಗಿದ್ದರೆ ಬೆಳಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಆನೆಕಾಲಿನ ಫೈಲೇರಿಯಾವೂ ಇದಕ್ಕೆ ಒಂದು ಕಾರಣ. ಸೂಜಿಯಿಂದ ನೀರು ತೆಗೆದರೆ ನೀರು ಹೋಗುತ್ತದೆ, ನೀರು ಮಾಡುವ ಪದರ ಅಲ್ಲೇ ಉಳಿಯುತ್ತದೆ, ಹಾಗಾಗಿ ಪುನಃ ತುಂಬುವುದು. ಮೇಲಿಂದ ಕೀವಾಗುವ ಅಪಾಯ ಬೇರೆ. ಶಾಶ್ವತ ದಾರಿ ಆಪರೇಷನ್. ಅದಕ್ಕೆ ಮೊದಲು ಸ್ಕ್ಯಾನ್ ಮಾಡಿಸಲೇಬೇಕು, ಏಕೆಂದರೆ ನೀರಿನ ಒಳಗಿರುವ ಬೀಜ ಕೈಗೆ ಸಿಗುವುದಿಲ್ಲ ಮತ್ತು 60 ದಾಟಿದವರಲ್ಲಿ ಬೀಜಕ್ಕೆ ಲಿಂಫೋಮಾ ಎಂಬ ಬೇರೆ ಬಗೆಯ ಕ್ಯಾನ್ಸರ್ ಬರುವುದುಂಟು.

ಪ್ರಶ್ನೆ (ಕಾಪು)
ಮಗನಿಗೆ 14. ಹೋದ ವಾರ ರಾತ್ರಿ ಅಲ್ಲಿ ವಿಪರೀತ ನೋವು ಬಂದು ವಾಂತಿ ಆಯಿತು, ಅರ್ಧ ಗಂಟೆಯಲ್ಲಿ ತನ್ನಷ್ಟಕ್ಕೆ ನಿಂತಿತು. ಈಗ ಆರಾಮ ಇದ್ದಾನೆ.

ಉತ್ತರ (ಯುರಾಲಜಿಸ್ಟ್)
ಅಕ್ಕ, ಆರಾಮ ಇದ್ದರೂ ನಾಳೆಯೇ ಕರೆದುಕೊಂಡು ಬನ್ನಿ. ಬೀಜ ತನ್ನ ನಾಳದ ಮೇಲೆ ತಿರುಚಿ, ಪುನಃ ಬಿಚ್ಚಿಕೊಂಡಿರಬಹುದು. ಮುಂದಿನ ಸಲ ಬಿಚ್ಚದೇ ಹೋದರೆ 6 ಗಂಟೆಯೊಳಗೆ ಆಪರೇಷನ್ ಆಗಬೇಕು. ತಡವಾದಷ್ಟೂ ಬೀಜ ಉಳಿಯುವ ಆಸೆ ಕಡಿಮೆ. ಮತ್ತೆ ನೋವು ಬಂದರೆ ಬೆಳಗಾಗಲಿ ಅಂತ ಕೂರಬೇಡಿ, ಎಣ್ಣೆ ಹಚ್ಚಬೇಡಿ, ನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ. ಅನಸ್ತೇಷಿಯಾ ಬೇಕಾಗುವ ಕಾರಣ ದಾರಿಯಲ್ಲಿ ಏನೂ ತಿನ್ನಲು, ಕುಡಿಯಲು ಕೊಡದೆ ನೇರ ಎಮರ್ಜೆನ್ಸಿಗೆ. ಈ ವಯಸ್ಸಿನ ಹುಡುಗರು ನಾಚಿಕೆಗೆ "ಹೊಟ್ಟೆನೋವು" ಅಂತ ಮಾತ್ರ ಹೇಳುತ್ತಾರೆ. ಚಡ್ಡಿ ಬಿಚ್ಚಿಸಿ ನೋಡದ ಕಾರಣಕ್ಕೇ ಹೊತ್ತು ಮೀರುವುದುಂಟು.

ಪ್ರಶ್ನೆ (ಉಡುಪಿ)
ಮಗುವಿಗೆ 8 ತಿಂಗಳು, ಒಂದು ಬೀಜ ಚೀಲಕ್ಕೆ ಇಳಿದಿಲ್ಲ. "ದೊಡ್ಡವನಾಗುವಾಗ ಸರಿ ಹೋಗ್ತದೆ" ಅಂತ ಅತ್ತೆ ಹೇಳ್ತಾರೆ.

ಉತ್ತರ (ಯುರಾಲಜಿಸ್ಟ್)
6 ತಿಂಗಳ ಮೇಲೆ ತಾನಾಗಿ ಇಳಿಯುವುದು ಅಪರೂಪ. ಒಂದರಿಂದ ಒಂದೂವರೆ ವರ್ಷದೊಳಗೆ ಆಪರೇಷನ್ ಮುಗಿಸಿ. ಮುಂದೆ ಕ್ಯಾನ್ಸರ್ ಅಪಾಯ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಹುಡುಗ ಬೆಳೆದ ಮೇಲೆ ತಾನೇ ಮುಟ್ಟಿ ನೋಡಿಕೊಳ್ಳಲು ಕಲಿಸಬೇಕು.

ಸುರತ್ಕಲ್‌ನವರು ಮತ್ತೆ
ಸ್ಕ್ಯಾನ್‌ಗೆ ನಾಳೆ ಹೋಗ್ತೇನೆ. ಒಂದು ಬೀಜ ತೆಗೆದರೆ ಮದುವೆ, ಮಕ್ಕಳು?

ಉತ್ತರ (ಯುರಾಲಜಿಸ್ಟ್)
ಇನ್ನೊಂದು ಚೆನ್ನಾಗಿದ್ದರೆ ಗಡ್ಡ, ದನಿ, ಸಂಸಾರ, ಮಕ್ಕಳು, ಯಾವುದಕ್ಕೂ ಸಾಮಾನ್ಯವಾಗಿ ತೊಂದರೆ ಇಲ್ಲ. ಕಿಮೋ ಬೇಕಾಗಬಹುದು ಎಂದಾದರೆ, ಅದು ಶುರುವಾಗುವ ಮೊದಲೇ ವೀರ್ಯ ತೆಗೆದಿಡಿಸಿ. ಸಾಧ್ಯವಾದರೆ ಆಪರೇಷನ್‌ಗೂ ಮೊದಲು. ಡಾಕ್ಟ್ರು ಮರೆತರೆ ನೀವೇ ಕೇಳಿ. ಖರ್ಚಿನ ಚಿಂತೆ ಇದ್ದರೆ ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯ ಸರ್ಜರಿ ಒಪಿಡಿಗೆ ಬಿಪಿಎಲ್ ಕಾರ್ಡು, ಆಧಾರ್ ಹಿಡಿದುಕೊಂಡು ಹೋಗಿ, ಆಯುಷ್ಮಾನ್ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಿ. ಕೌಂಟರಿನಲ್ಲಿ ಎಲ್ಲರೆದುರು ವಿವರಿಸಲು ಮುಜುಗರ ಆದರೆ "ಸರ್ಜನ್ ಹತ್ತಿರ ಮಾತಾಡ್ಲಿಕ್ಕುಂಟು" ಅಂದರೆ ಸಾಕು.